ಅಪ್ಪನ ಮೀಸೆ ಮತ್ತು ಮೂವತ್ತು ರಾತ್ರಿ

ಅಪ್ಪನಿಗೆ ನಿದ್ದೆ ಬಂದದ್ದು ಮಧ್ಯಾಹ್ನ ಎರಡೂವರೆಗೆ, ಅವನ ಕ್ರೇನಿನ ಕೊಕ್ಕೆಯಲ್ಲಿ ಎರಡು ಟನ್ ಕಬ್ಬಿಣದ ಸರಳು ತೂಗುತ್ತಿದ್ದಾಗ.

ಕಳಂಬೋಲಿಯ ಉಕ್ಕಿನ ಮಾರುಕಟ್ಟೆಯ ಒಂದು ಯಾರ್ಡಿನಲ್ಲಿ ಅವನು ಇಪ್ಪತ್ತೆರಡು ವರ್ಷದಿಂದ ಕ್ರೇನ್ ಆಪರೇಟರ್. ಜಟ್ಟೆಪ್ಪ ಎಂದರೆ ಅಲ್ಲಿ ಕೆಲವರಿಗೆ ಗೊತ್ತಾಗಲಿಕ್ಕಿಲ್ಲ, ಮೂಛ್‌ವಾಲಾ ಎಂದರೆ ಚಹಾದ ಅಂಗಡಿಯವನೂ ಬೆರಳು ತೋರಿಸುತ್ತಾನೆ. ಮೀಸೆ ಬಿಟ್ಟರೆ ಅವನ ಇನ್ನೊಂದು ಹೆಗ್ಗಳಿಕೆ ಬಾದಶಹಾ. ಬಾದಶಹಾ ಯಾರ್ಡಿನ ನಾಯಿ. ಸರಳು ಇಳಿಸುವ ಮರದ ದಿಮ್ಮಿಗಳಿಂದ ಸ್ವಲ್ಪ ಆಚೆ, ಗೋಡೆಯ ನೆರಳಿನಲ್ಲಿ ಮಲಗುತ್ತದೆ. ಬೇರೆಯವರು ಮಾಲು ಇಳಿಸಿದರೆ ಆ ಸದ್ದಿಗೆ ಗೇಟಿನ ತನಕ ಓಡುತ್ತದೆ. ಅಪ್ಪ ಇಳಿಸಿದರೆ ಕಣ್ಣು ಕೂಡ ಬಿಡುವುದಿಲ್ಲ.

ಅವತ್ತು ಸರಳಿನ ಕಟ್ಟು ನೆಲದಿಂದ ಹತ್ತಡಿ ಮೇಲೆ ನಿಂತಿತು, ಕ್ಯಾಬಿನ್ನಿನಿಂದ ಗೊರಕೆ ಕೇಳಿಸಿತು. ಕೆಳಗಿದ್ದ ಹಮಾಲರು ದೂರ ಸರಿದರು. ಕೂಗುವ ಧೈರ್ಯ ಯಾರಿಗೂ ಇಲ್ಲ. ಬೆಚ್ಚಿಬಿದ್ದು ಲಿವರ್ ಎಳೆದರೆ? ಕೊನೆಗೆ ಒಬ್ಬ ಅಪ್ಪನ ಮೊಬೈಲಿಗೆ ಫೋನ್ ಮಾಡಿದ. ಅಪ್ಪ ಕಣ್ಣು ಮುಚ್ಚಿಕೊಂಡೇ ಎತ್ತಿ, “ಹಾಂ, ಹೇಳು,” ಅಂದ. ಆಮೇಲೆ ಕಣ್ಣು ಬಿಟ್ಟು, ಮಾಲನ್ನು ಎಂದಿನಂತೆ ಮೆಲ್ಲಗೆ ದಿಮ್ಮಿಯ ಮೇಲಿಟ್ಟು, ತಲೆ ಹೊರಗೆ ಹಾಕಿ ಕೇಳಿದ:

“ಯಾಕ್ರೋ, ಎಲ್ಲಾರೂ ಅಷ್ಟು ದೂರ ನಿಂತೀರಿ?”

ಬಾದಶಹಾ ಮಲಗಿಯೇ ಇತ್ತಂತೆ.

ಮ್ಯಾನೇಜರ್ ಪುಂಡರೀಕಾಕ್ಷ ರಾಯರು ಉಡುಪಿ ಕಡೆಯವರು. ದನಿ ಏರಿಸದೆ ಬೈಯುವುದು ಅವರ ಅಭ್ಯಾಸ. “ಜಟ್ಟೆಪ್ಪ, ನೀವು ಮಲಗಿ ಮಾರ್ರೆ, ಯಾರು ಬೇಡ ಅಂತಾರೆ? ಆದರೆ ಎರಡು ಟನ್ ಕೈಯಲ್ಲಿ ಹಿಡ್ಕೊಂಡು ಎಂತ ಮಲಗುವುದು? ಡಾಕ್ಟರ್ ಹತ್ರ ತೋರಿಸಿ ಚೀಟಿ ತನ್ನಿ. ನಲವತ್ತೈದು ದಿನ ಕಾಯ್ತೇನೆ. ಆಮೇಲೆ ಆ ಸೀಟು ಮಯೂರನಿಗೆ.”

ಮಯೂರ್ ಅಂದರೆ ಹೊಸ ಹುಡುಗ. ಅವನ ಕೈಗೆ ಕ್ರೇನ್ ಹೋಯಿತು, ಅಪ್ಪನ ಕೈಗೆ ಸೀಟಿ ಬಂತು. ಗೇಟಿನಲ್ಲಿ ನಿಂತು ಲಾರಿಗಳಿಗೆ ಸೀಟಿ ಊದುವ ಕೆಲಸ. ಇಪ್ಪತ್ತೆರಡು ವರ್ಷ ಆಕಾಶದಲ್ಲಿ ಕೂತವನು ಲಾರಿಗಳ ಹೊಗೆ ಕುಡಿಯುತ್ತ ಸೀಟಿ ಊದುವುದು! ಅದನ್ನು ಕೇಳಿ ನನ್ನ ಮೈ ಉರಿಯಿತು. ನನ್ನ ಮೈ ಬೇಗ ಉರಿಯುತ್ತದೆ ಎಂದು ಅವ್ವ ಹೇಳುತ್ತಾಳೆ. ಒಂಬತ್ತನೇ ಕ್ಲಾಸಿನಲ್ಲಿ ಮಾಸ್ತರರ ಕೈಯಿಂದ ಛಡಿ ಕಿತ್ತುಕೊಂಡು ಶಾಲೆ ಬಿಟ್ಟವನು ನಾನು. ಈಗ ಡೊಂಬಿವಲಿ ಎಂಐಡಿಸಿಯ ಕಾರ್ಖಾನೆಯೊಂದರಲ್ಲಿ ಪೈಪ್ ಫಿಟ್ಟರ್.

“ರಾಯನ್ನ ಹೋಗಿ ಕೇಳ್ತೀನಿ ನಾ,” ಎಂದು ಎದ್ದೆ.

“ಕುಂಡ್ರಲೇ ಅನಿಲ,” ಅಂದ ಅಪ್ಪ. “ಏನಂತ ಕೇಳ್ತೀ? ನಮ್ಮಪ್ಪಗ ಕ್ರೇನಿನ್ಯಾಗ ನಿದ್ದಿ ಮಾಡಾಕ ಬಿಡ್ರಿ ಅಂತ ಕೇಳ್ತೀಯೇನು?”

ಹೀಗಾಗಿ ಅವನನ್ನು ಠಾಣೆಯ ಒಂದು ಟ್ರಸ್ಟಿನ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಒಂದು ರಾತ್ರಿ ಬೆರಳಿಗೆ, ಎದೆಗೆ, ಮೂಗಿಗೆ ಏನೇನೋ ಕಟ್ಟಿ ಮಲಗಿಸಿದರು. ಮೂರನೇ ದಿನ ಡಾಕ್ಟರು ಕಾಗದ ನೋಡಿ ಹೇಳಿದರು: ನಿದ್ದೆಯಲ್ಲಿ ಗಂಟಲಿನ ದಾರಿ ಮುಚ್ಚಿಕೊಳ್ಳುತ್ತದೆ, ಉಸಿರು ನಿಲ್ಲುತ್ತದೆ, ಮಿದುಳು ಗಾಬರಿಯಾಗಿ ಎಬ್ಬಿಸುತ್ತದೆ, ಗಂಟೆಗೆ ಐವತ್ತೆರಡು ಸಲ. ರಾತ್ರಿಯಿಡೀ ಹೀಗೆ ಎದ್ದೆದ್ದು ಬಿದ್ದವನಿಗೆ ಹಗಲು ನಿದ್ದೆ ಬರದೆ ಇನ್ನೇನು?

“ಐವತ್ತೆರಡಾ?” ಅವ್ವ ಅಂದಳು. “ನಾ ನಲವತ್ತರ ಮ್ಯಾಲ ಎಣಿಸೂದು ಬಿಟ್ಟಿದ್ದೆರಿ ಸಾಹೇಬ್ರ.”

ಡಾಕ್ಟರು ಪೆನ್ನು ಕೆಳಗಿಟ್ಟರು. ಅವ್ವ ತನ್ನ ಉಪಾಯ ವಿವರಿಸಿದಳು. ಗೊರಕೆ ಇರುವವರೆಗೆ ಅವಳಿಗೆ ಚಿಂತೆ ಇಲ್ಲ. ಗೊರಕೆ ನಿಂತರೆ ಎಚ್ಚರ. ಕಾಲಿನ ಹೆಬ್ಬೆರಳಿನಿಂದ ಅಪ್ಪನ ಮೀನಖಂಡಕ್ಕೆ ತಿವಿಯುತ್ತಾಳೆ. ಅವನು ‘ಹ್ರಾಂ’ ಎಂದು ಉಸಿರೆಳೆಯುತ್ತಾನೆ. ಮತ್ತೆ ಇಬ್ಬರೂ ಮಲಗುತ್ತಾರೆ. ಎಷ್ಟು ವರ್ಷದಿಂದ ಎಂದು ಕೇಳಿದರೆ, “ಇವ ಸಣ್ಣಾವ ಇದ್ದಾಗಿಂದ,” ಎಂದು ನನ್ನ ಕಡೆ ಕೈ ತೋರಿಸಿದಳು. ಅದೇ ಕೋಣೆಯಲ್ಲಿ ಮೂರಡಿ ದೂರದಲ್ಲಿ ಮಲಗುವ ನನಗೆ ಇದು ಗೊತ್ತೇ ಇರಲಿಲ್ಲ. ಕಿವಿಗೆ ಹತ್ತಿ ತುರುಕಿಕೊಂಡು ಗೊರಕೆಯನ್ನು ಬೈದುಕೊಳ್ಳುತ್ತಿದ್ದೆ, ಅಷ್ಟೆ.

ಅಪ್ಪನಿಗೆ ಒಂದು ಮಿಷನ್ ಬರೆದುಕೊಟ್ಟರು. ಟಿಫಿನ್ ಡಬ್ಬಿಯಷ್ಟು ದೊಡ್ಡದು, ಗಾಳಿ ಊದುತ್ತದೆ, ಆ ಗಾಳಿ ಕೊಳವೆಯಿಂದ ಮಾಸ್ಕಿಗೆ, ಮಾಸ್ಕಿನಿಂದ ಮೂಗಿಗೆ ಬಂದು ಗಂಟಲನ್ನು ಮುಚ್ಚದಂತೆ ಹಿಡಿಯುತ್ತದೆ. ಎಷ್ಟು ಹೊತ್ತು ಹಾಕಿಕೊಂಡರು, ಎಷ್ಟು ಗಾಳಿ ಸೋರಿತು, ಎಲ್ಲವನ್ನೂ ಒಳಗಿನ ಕಾರ್ಡು ಬರೆದುಕೊಳ್ಳುತ್ತದೆ. ಒಂದು ತಿಂಗಳ ಸರಿಯಾದ ದಾಖಲೆ ತೋರಿಸಿ, ದಿನಕ್ಕೆ ಕಡಿಮೆ ಅಂದರೂ ನಾಲ್ಕು ತಾಸು, ಆಮೇಲೆ ಚೀಟಿ ಎಂದರು ಡಾಕ್ಟರು. ಮಿಷನ್ ಕೈಗೆ ಬರುವಾಗ ರಾಯರ ನಲವತ್ತೈದರಲ್ಲಿ ನಲವತ್ತು ದಿನ ಉಳಿದಿದ್ದವು. ಅಂದರೆ ತಪ್ಪು ಮಾಡಲು ನಮಗೆ ಹತ್ತು ದಿನ ಇತ್ತು.

ಒಂಬತ್ತು ದಿನ ತಪ್ಪು ಮಾಡಿದೆವು.

ಮಿಷನ್ ತಂದು ಜೋಡಿಸಿಕೊಟ್ಟವಳು ಆಸ್ಪತ್ರೆಯ ಸಂಜನಾ. ಡೊಂಬಿವಲಿಯಲ್ಲಿ ಹುಟ್ಟಿದವಳು, ಅಪ್ಪನದು ಉಡುಪಿ ಹೋಟೆಲು. ಠಾಣೆ ಪಕ್ಕದ ಕಳವಾ ಎಂಬಲ್ಲಿರುವ ನಮ್ಮ ಚಾಳಿನ ಕಡಿದಾದ ಮೆಟ್ಟಿಲು ಏದುತ್ತ ಹತ್ತಿ ಬಂದು, ಮೂರು ಭಾಷೆ ಕಲಸಿ ಪಾಠ ಹೇಳಿದಳು. “ಅಂಕಲ್, ಶುರೂ ಮೇ ಸ್ವಲ್ಪ ಅಜೀಬ್, ವಿಚಿತ್ರ ಆಗ್ತದೆ. ಎಚ್ಚರ ಇರುವಾಗಲೇ ಅರ್ಧ ಗಂಟೆ ಹಾಕಿ, ಟಿವಿ ನೋಡಿ. ಅಭ್ಯಾಸ ಆಗ್ಲಿ. ಬಾಯಿ ಮುಚ್ಚಿ ಮೂಗಲ್ಲಿ ಉಸಿರಾಡಿ. ಘಾಬರೂ ನಕಾ, ಹೆದರ್ಬೇಡಿ.” ಮಾಸ್ಕ್ ಕಟ್ಟಿ ನೋಡಿದಳು. ಮೀಸೆಯ ಕೆಳಗಿನಿಂದ ಗಾಳಿ ಸುಯ್ ಎಂದಿತು. ಅವಳ ಹುಬ್ಬು ಮೇಲೆ ಹೋಯಿತು. “ಅಂಕಲ್, ಈ ಮೂಛ್ ಸ್ವಲ್ಪ ಪ್ರಾಬ್ಲಮ್ ಉಂಟು. ತೆಗೆದ್ರೆ ಚೆಂದ ಕೂತ್ಕೊಳ್ತದೆ.”

ಅಪ್ಪನ ಕೈ ಮೀಸೆಗೆ ಹೋಯಿತು.

“ನಮ್ಮಪ್ಪ ಇನ್ನೂ ಜೀವಂತ ಅದಾನವ್ವ,” ಅಂದ ಅಪ್ಪ.

ಅವಳಿಗೆ ತಿಳಿಯಲಿಲ್ಲ. ಅವ್ವ ತಿಳಿಸಿ ಹೇಳಿದಳು: ನಮ್ಮಲ್ಲಿ ಗಂಡಸು ಮೀಸೆ ಬೋಳಿಸುವುದು ಹೆತ್ತ ತಂದೆ ಸತ್ತಾಗ. ಸಿಂದಗಿ ಹತ್ತಿರದ ಊರಿನಲ್ಲಿ ಮುತ್ಯಾ, ಅಂದರೆ ಅಪ್ಪನ ಅಪ್ಪ, ಎಂಬತ್ತೆರಡಕ್ಕೂ ದಿನಾ ಮೂರು ರೊಟ್ಟಿ ತಿಂದು ಕಟ್ಟೆಯ ಮೇಲೆ ಕೂರುತ್ತಾನೆ. ಅವನಿರುವಾಗ ಮಗ ಮೀಸೆ ತೆಗೆಯುವುದೆಂದರೆ ಅವನನ್ನು ಮೊದಲೇ ಕಳಿಸಿಕೊಟ್ಟ ಹಾಗೆ.

“ಅಚ್ಛಾ,” ಎಂದು ಸಂಜನಾ ಮೀಸೆಯನ್ನು ಹೊಸದಾಗಿ ನೋಡಿದಳು. “ಮತ್ತೆ ಅಜ್ಜನಿಗೋಸ್ಕರ ಟ್ರೈ ಮಾಡುವ. ಮುಂದಿನ ಸೋಮವಾರ ಬರ್ತೇನೆ.”

ಅವಳು ಮೆಟ್ಟಿಲಿಳಿದ ಕೂಡಲೇ ಅಪ್ಪ ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಿದೆ. ಸೋರಿಕೆ! ಸೋರಿಕೆ ನಿಲ್ಲಿಸುವುದೇ ನನ್ನ ಹೊಟ್ಟೆಪಾಡು. ಆಸಿಡ್ ಹರಿಯುವ ಪೈಪಿನ ಸೋರಿಕೆ ನಿಲ್ಲಿಸುವವನು ಒಂದು ಮೂಗಿನ ಸೋರಿಕೆಗೆ ಹೆದರುತ್ತೇನೆಯೇ? ಮೊದಲ ರಾತ್ರಿ ಪಟ್ಟಿ ಬಿಗಿದೆ. ಸೋರಿತು. ಎರಡನೇ ರಾತ್ರಿ ಇನ್ನೂ ಬಿಗಿದೆ. ಇನ್ನೂ ಜಾಸ್ತಿ ಸೋರಿತು. ಮೂರನೇ ದಿನ ಸೈಕಲ್ ಟ್ಯೂಬ್ ಕತ್ತರಿಸಿ ಮಾಸ್ಕಿನ ಅಂಚಿಗೆ ಚೆಂದದ ಒಂದು ವಾಶರ್ ಮಾಡಿದೆ. ನಾಲ್ಕನೇ ದಿನ ಅಪ್ಪ ತನ್ನ ತಿಳಿವಳಿಕೆ ಸೇರಿಸಿದ: ಗ್ರೀಸ್ ಇಲ್ಲದೆ ಪ್ಯಾಕಿಂಗ್ ಕೂರುವುದಿಲ್ಲ ಎಂದು ಮೀಸೆಗೆ ವ್ಯಾಸಲೀನ್ ಮೆತ್ತಿದ. ಅವ್ವ ಒಲೆಯ ಹತ್ತಿರದಿಂದ ಹೇಳಿದಳು, “ಇನ್ನೊಂದೆರಡು ಬೋಲ್ಟ್ ಹಾಕ್ರಿ. ಹೆಂಗೂ ಮುಖ ಅಂತ ಏನ್ ಉಳದಿಲ್ಲ.”

ಸೋಮವಾರ ಸಂಜನಾ ಬರಲಿಲ್ಲ, ರಜೆಯಿತ್ತಂತೆ. ಬುಧವಾರ ಬಂದಳು. ಆಗಲೇ ಒಂಬತ್ತು ದಿನ. ಅಪ್ಪನ ಕೆನ್ನೆಯ ಮೇಲೆ ಪಟ್ಟಿಯ ಗುರುತು, ಮೂಗಿನ ಮೇಲೆ ಕೆಂಪು ಗಾಯ. ಕಾರ್ಡನ್ನು ಲ್ಯಾಪ್‌ಟಾಪಿಗೆ ಹಾಕಿ ನೋಡಿ ಅವಳು ಪರದೆಯನ್ನು ನಮ್ಮ ಕಡೆ ತಿರುಗಿಸಿದಳು.

“ಒಂಬತ್ತು ರಾತ್ರಿಗೆ ಸೇರಿ ಆರು ಗಂಟೆ. ಎಂತ ಮಾಡಿದ್ದು ನೀವು?” ಆಮೇಲೆ ಮಾಸ್ಕ್ ಎತ್ತಿದಳು. ಎಣ್ಣೆ ಕುಡಿದು ಅದರ ಮೆತ್ತನೆಯ ಅಂಚು ಉಬ್ಬಿಹೋಗಿತ್ತು. ವಾಶರನ್ನು ಎರಡು ಬೆರಳಲ್ಲಿ ಹಿಡಿದು, ಸತ್ತ ಹಲ್ಲಿಯನ್ನು ತೋರಿಸುವಂತೆ ತೋರಿಸಿದಳು. “ಯೇ ಕಿಸ್‌ಕಾ ಆಯಿಡಿಯಾ?”

ಅಪ್ಪ ಗೋಡೆ ನೋಡಿದ. ಅವ್ವ ನನ್ನನ್ನು ನೋಡಿದಳು.

“ಸೋರಾಕತ್ತಿತ್ತು,” ಅಂದೆ. “ಸೋರೂ ಮಾಸ್ಕ್ ಕೊಟ್ಟು ನಮಗ ಕೇಳ್ತೀಯೇನು? ಬಡವರಿಗೆ ಕೊಡೂದು ಹಿಂಗ ಅಂತ ಮೊದಲ ಹೇಳಬೇಕಾಗಿತ್ತು!”

“ತುಮ್ಹಾರಾ ಹೋ ಗಯಾ? ಮುಗೀತಾ?” ಅಂದಳು, ಮಾಸ್ಕಿನ ಅಂಚಿಗೆ ಹಾಕುವ ಹೊಸ ಕುಶನ್ ಚೀಲದಿಂದ ತೆಗೆಯುತ್ತ. “ಇದು ಬಾಯ್ಲರ್ ಅಲ್ಲ ಅಣ್ಣಾ, ಮುಖ. ಟೈಟ್ ಮಾಡಿದಷ್ಟು ಅಂಚು ಮಡಚಿಹೋಗಿ ಸೋರ್ತದೆ. ಅಂಕಲ್, ಮಲಗಿ. ಕೂತು ಕಟ್ಟಿದ್ದು ಮಲಗಿದಾಗ ಸರಿ ಇರುವುದಿಲ್ಲ.”

ಅವ್ವ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. “ಇವನ ಸಿಟ್ಟಿಗೂ ಒಂದು ಮಿಷನ್ ಐತೇನ್ ನೋಡವ್ವಾ. ರಾತ್ರಿ ನಾಕು ತಾಸು ಹಾಕಿದ್ರ ಸಾಕು.”

ಸಂಜನಾ ಪಟ್ಟಿಗಳನ್ನು ಸಡಿಲ ಬಿಟ್ಟಳು, ಗಾಳಿ ಶುರು ಮಾಡಿದಳು, ಮಾಸ್ಕನ್ನು ಮುಖದಿಂದ ಕೂದಲೆಳೆಯಷ್ಟು ಎತ್ತಿ ಬಿಟ್ಟಳು. ಗಾಳಿಗೆ ಅಂಚು ಉಬ್ಬಿ ಕೆನ್ನೆಯ ಮೇಲೆ ತಾನಾಗಿ ಕೂತುಕೊಂಡಿತು. ಎರಡೂ ಬದಿಯ ಸದ್ದು ನಿಂತಿತು. ಅಪ್ಪನ ಕಣ್ಣು ಅರಳಿತು. ಮಾಸ್ಕಿನೊಳಗಿಂದ ಏನೋ ಅಂದ. ತೆಗೆದು ಮತ್ತೆ ಅಂದ:

“ಕ್ರೇನಿನ ಬೆಲ್ಟಿನ್ಯಾಗ ಮಾಲು ಕುಂದರತದಲ್ಲ, ಹಂಗ! ನಾವು ಜಗ್ಗಬಾರ್ದು. ಜಗ್ಗಿದ್ರ ಒಂದು ಕಡೀಗೆ ವಾಲ್ತದ. ಸ್ವಲ್ಪ ಎತ್ತಿ, ಬಿಟ್ಟು, ಅದರ ಜಾಗಾ ಅದಕ್ಕ ಹುಡುಕಾಕ ಬಿಡಬೇಕು.” ನನ್ನ ಕಡೆ ತಿರುಗಿದ. “ಇದು ಪೈಪಿನ ಕೆಲಸ ಅಲ್ಲಲೇ, ಕ್ರೇನಿನ ಕೆಲಸ.”

ಇಪ್ಪತ್ತೆರಡು ವರ್ಷ ಅದೇ ಮಾಡಿದವನು ಒಂಬತ್ತು ರಾತ್ರಿ ನನ್ನ ಮಾತು ಕೇಳಿ ಮುಖ ಸುಲಿಸಿಕೊಂಡಿದ್ದ. ಅದಕ್ಕೂ ನನಗೆ ಸಿಟ್ಟೇ ಬಂತು.

ಆದರೆ ಮೀಸೆಯ ಕೆಳಗಿನ ಸುಯ್ ಮಾತ್ರ ನಿಲ್ಲಲಿಲ್ಲ. ಮೂಗಿನ ತೂತುಗಳ ಕೆಳಗಷ್ಟೇ ಕೂರುವ ಸಣ್ಣ ಮಾಸ್ಕ್ ಬರುತ್ತದೆ, ಅದಕ್ಕೆ ಮೀಸೆ ಅಷ್ಟು ಅಡ್ಡಿಯಾಗುವುದಿಲ್ಲ, ಆದರೆ ಅದು ಖಾಲಿಯಾಗಿದೆ, ತರಿಸಲು ಹದಿನೈದು ದಿನ ಎಂದಳು ಸಂಜನಾ. ನಮ್ಮ ಬಳಿ ಹದಿನೈದು ದಿನ ಎಲ್ಲಿತ್ತು? ಒಂದು ದಿನ ಇತ್ತು.

ಅವಳು ಹೋದ ಮೇಲೆ ಅಪ್ಪ ಕನ್ನಡಿಯ ಮುಂದೆ ಕೂತ. ಜೇಬಿನಲ್ಲಿ ಗೇಟಿನ ಸೀಟಿ ಇತ್ತು. ಅದನ್ನು ತೆಗೆದು ನೋಡಿದ, ಒಳಗಿಟ್ಟ, ಮತ್ತೆ ತೆಗೆದ. ಆಮೇಲೆ ನನ್ನ ಮೊಬೈಲು ಇಸಿದುಕೊಂಡು ಊರಿಗೆ ವೀಡಿಯೊ ಕಾಲ್ ಮಾಡಿದ. ಚಿಕ್ಕಪ್ಪ ಫೋನನ್ನು ಮುತ್ಯಾನ ಕೈಗೆ ಕೊಟ್ಟ. ಪರದೆಯ ತುಂಬ ಮುತ್ಯಾನ ಒಂದು ಕಿವಿ ಕಾಣಿಸಿತು.

ಅಪ್ಪ ಎಲ್ಲ ಹೇಳಿದ. ಕಿವಿ ಅಲ್ಲಾಡಲಿಲ್ಲ.

“ಮೀಸಿ ತಗದ್ರ ಕ್ರೇನ್ ಸಿಗ್ತದ?” ಮುತ್ಯಾ ಕೇಳಿದ.

“ಸಿಗ್ತದ ಅಂತಾರ.”

“ಉಸರೂ ನಿಲ್ಲಂಗಿಲ್ಲ?”

“ನಿಲ್ಲಂಗಿಲ್ಲ ಅಂತಾರ.”

“ಮತ್ತ ತಗೀಲೇ ಹುಚ್ಚಾ. ಅದು ಪೂರಾ ಬೆಳೆಯೂತನಕ ನಾ ಸಾಯಂಗಿಲ್ಲ, ಆತಿಲ್ಲೋ? ಮಗ ಮೊದಲ ಹೋದ್ರ ನನ್ನ ಸಲುವಾಗಿ ಯಾರು ಮೀಸಿ ತಗಸ್ತಾರ?” ಕಿವಿ ಮಾಯವಾಗಿ ಹಲ್ಲಿಲ್ಲದ ಬಾಯಿ ಬಂತು. “ಆದ್ರ ಜಲ್ದಿ ಬೆಳಸು. ಭಾಳ ದಿನ ಕಾಯಾಕ ಆಗಂಗಿಲ್ಲ.”

ಅಪ್ಪ ನಕ್ಕ. ಫೋನ್ ಇಟ್ಟ ಮೇಲೆ ಟವೆಲ್ಲಿನಿಂದ ಮುಖ ಒರೆಸಿಕೊಂಡ, ಬೆವರು ಇಲ್ಲದಿದ್ದರೂ.

ಮರುದಿನ ಮಧ್ಯಾಹ್ನ ರಜೆ ಹಾಕಿ ಕ್ಷೌರದಂಗಡಿಗೆ ಹೋದ. ಮೀಸೆ ಪೂರ್ತಿ ತೆಗೆ ಎಂದಾಗ ಅಂಗಡಿಯವನು ಕತ್ತರಿ ಇಟ್ಟು ಎರಡು ನಿಮಿಷ ಮೌನ ನಿಂತನಂತೆ. ಮೀಸೆಯಿಲ್ಲದ ಅಪ್ಪ ನಮ್ಮ ಗಲ್ಲಿಗೆ ಬಂದದ್ದನ್ನು ಮೊದಲು ಕಂಡವಳು ಎದುರು ಖೋಲಿಯ ಸಾಬವ್ವ. ರಾಯಚೂರು ಕಡೆಯವಳು, ಸಾವಿನ ಮನೆಯಲ್ಲಿ ಅವಳಷ್ಟು ಚೆನ್ನಾಗಿ ಅಳುವವರು ಕಳವಾದಲ್ಲಿ ಇಲ್ಲ. ಅಪ್ಪ ಬಾಯಿ ತೆರೆಯುವ ಮೊದಲೇ ಅವಳು ಬಾಯಿ ತೆರೆದಳು.

“ಅಯ್ಯೋ ಎಣ್ಣಾ! ಹಿರೀ ಜೀವ ಹೋತೇನೋ!”

ಅರ್ಧ ತಾಸಿನಲ್ಲಿ ಮೆಟ್ಟಿಲ ತುಂಬ ಜನ. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲವೆಂದು ಒಬ್ಬರು ರೊಟ್ಟಿ ತಂದರು, ಒಬ್ಬರು ಅನ್ನ ಸಾರು, ಇನ್ನೊಬ್ಬರು ಚಹಾದ ಕಿಟಲಿ. ಅಪ್ಪ, “ಇಲ್ರೀ, ನಮ್ಮಪ್ಪ ಆರಾಮ ಅದಾನ,” ಎಂದಷ್ಟೂ ಅವರು, “ಹೌದಪ್ಪಾ, ಅವರಿನ್ನು ಆರಾಮ ಅದಾರ,” ಎಂದು ಬೆನ್ನು ಸವರಿದರು. ಸಾಬವ್ವ ಮುತ್ಯಾನನ್ನು ಒಮ್ಮೆಯೂ ನೋಡದೆ ಅವನ ಗುಣಗಳನ್ನು ಎತ್ತಿ ಎತ್ತಿ ಅಳುತ್ತಿದ್ದಳು. ನಾನು ರೇಗಿ ಮತ್ತೆ ಊರಿಗೆ ಫೋನ್ ಹಚ್ಚಿ ಅವಳ ಮುಖದ ಮುಂದೆ ಹಿಡಿದೆ.

“ಯಾರ್ ಸತ್ತಾರ?” ಮುತ್ಯಾ ಕೇಳಿದ.

ಸಾಬವ್ವನ ದನಿ ಅರ್ಧಕ್ಕೇ ನಿಂತಿತು. ಫೋನನ್ನು ದಿಟ್ಟಿಸಿ, ಮೂಗು ಒರೆಸಿ, “ನೀನ ಸತ್ತೀಯಪ್ಪಾ ಅಂತ ಅಳಾಕತ್ತೀವಿ,” ಅಂದಳು.

“ಹೌದಾ? ಅಡಗಿ ಏನ್ ಮಾಡೀರಿ?”

ಎಲ್ಲರೂ ಕೂತು ಉಂಡೆವು. ಉಳಿದ ರೊಟ್ಟಿ ಎರಡು ದಿನ ಬಂತು.

ಅವತ್ತು ರಾತ್ರಿ ಅಪ್ಪ ಮಾಸ್ಕ್ ಹಾಕಿ, ಕೂದಲೆಳೆಯಷ್ಟು ಎತ್ತಿ, ಬಿಟ್ಟ. ಸುಯ್ ಇಲ್ಲ. ಗೊರಕೆಯೂ ಇಲ್ಲ. ಮಿಷನ್ನಿನ ಸಣ್ಣ ಸದ್ದು ಮಾತ್ರ, ದೂರದಲ್ಲಿ ಲೋಕಲ್ ರೈಲು ಹೋದ ಹಾಗೆ. ಅಪ್ಪ ಐದೂವರೆ ತಾಸು ಮಲಗಿದ. ಅವ್ವ ಒಂದು ತಾಸೂ ಮಲಗಲಿಲ್ಲ. ಸದ್ದು ನಿಂತರೆ ತಿವಿಯಬೇಕು ಎಂದು ಇಪ್ಪತ್ತು ವರ್ಷ ಕಲಿತ ಕಾಲು ಸುಮ್ಮನಿರುತ್ತದೆಯೇ? ತಿವಿದು ತಿವಿದು ಅಪ್ಪನನ್ನು ಮೂರು ಸಲ ಎಬ್ಬಿಸಿದಳು. ಸಂಜನಾಳಿಗೆ ಫೋನ್ ಮಾಡಿ ಹೇಳಿದೆ. ಅವಳು ನಗಲಿಲ್ಲ. “ಆಂಟಿಗೆ ಹೇಳಿ, ಮಾಸ್ಕ್ ಮುಂದೆ ಸಣ್ಣ ತೂತುಗಳು ಉಂಟಲ್ಲ, ಅಲ್ಲಿ ಕೈ ಹಿಡಿದ್ರೆ ಉಸಿರು ಗೊತ್ತಾಗ್ತದೆ. ಎಬ್ಬಿಸುವುದು ಬೇಡ.” ಅಂದಿನಿಂದ ಅವ್ವ ತಿವಿಯುವುದು ಬಿಟ್ಟು ಆ ತೂತುಗಳ ಮುಂದೆ ಅಂಗೈ ಹಿಡಿದು ಮಲಗಿದಳು.

ದಿನಗಳು ಸೇರಿಕೊಳ್ಳುತ್ತ ಹೋದವು. ಒಂದು ರಾತ್ರಿ ಕರೆಂಟು ಹೋಯಿತು, ಒಂದು ರಾತ್ರಿ ಅಪ್ಪನಿಗೆ ನೆಗಡಿ. ಆದರೂ ನಾಲ್ಕು ತಾಸು ತಪ್ಪಲಿಲ್ಲ. ಪನವೇಲ್ ಲೋಕಲ್‌ನಲ್ಲಿ ಅಪ್ಪ ನಿಂತೇ ನಿದ್ದೆ ಹೋಗಿ ಸ್ಟೇಶನ್ ದಾಟಿಬಿಡುವುದು ನಿಂತಿತು. ಮೂವತ್ತರಲ್ಲಿ ಹದಿನಾರನೇ ದಿನ ಬೆಳಿಗ್ಗೆ ಐದೂವರೆಗೆ ನಳ ಬಂತು. ನಮ್ಮ ಚಾಳಿನಲ್ಲಿ ನೀರು ನಲವತ್ತು ನಿಮಿಷ ಇರುತ್ತದೆ. ಇಷ್ಟು ವರ್ಷದಲ್ಲಿ ಅವ್ವ ಒಂದು ದಿನವೂ ಅದನ್ನು ತಪ್ಪಿಸಿದವಳಲ್ಲ. ಅವತ್ತು ಏಳಲಿಲ್ಲ. ಅಂಗೈ ಹಾಸಿಗೆಗೆ ಜಾರಿತ್ತು, ಬಾಯಿ ತುಸು ತೆರೆದಿತ್ತು. ನಾನು ಕರೆಯಹೋದೆ. ಅಪ್ಪ ಮಾಸ್ಕ್ ಬಿಚ್ಚಿ ತುಟಿಯ ಮೇಲೆ ಬೆರಳಿಟ್ಟ. ಇಬ್ಬರೂ ಸದ್ದಿಲ್ಲದೆ ಕೊಡಗಳನ್ನು ಎತ್ತಿಕೊಂಡು ಕೆಳಗಿಳಿದೆವು. ಸಾಲಿನಲ್ಲಿದ್ದ ಸಾಬವ್ವ ನಮ್ಮನ್ನು ನೋಡಿ, ಗಾಬರಿಯಾಗಿ ಅವ್ವನ ಹೆಸರು ಹಿಡಿದು ಕೇಳಿದಳು. “ಮರೆಮ್ಮಗ ಏನಾತು?”

“ಮಲಗ್ಯಾಳ,” ಅಂದೆ. “ಅಳಬ್ಯಾಡ.”

ಮಿಷನ್ ಬಂದ ನಲವತ್ತನೇ ದಿನ ಡಾಕ್ಟರ ಚೀಟಿ ಹಿಡಿದು ಅಪ್ಪನ ಜೊತೆ ನಾನೂ ಯಾರ್ಡಿಗೆ ಹೋದೆ. ರಾಯರು ಕನ್ನಡಕ ಏರಿಸಿ ಓದಿದರು. ಮೂವತ್ತು ರಾತ್ರಿ, ಸರಾಸರಿ ಆರು ಗಂಟೆ ಹತ್ತು ನಿಮಿಷ. ಉಸಿರು ನಿಲ್ಲುವುದು ಗಂಟೆಗೆ ಐವತ್ತೆರಡರಿಂದ ಮೂರಕ್ಕೆ. ಆಮೇಲೆ ಅಪ್ಪನ ಆಪರೇಟರ್ ಪಾಸ್ ತೆಗೆದು ಫೋಟೋ ನೋಡಿದರು, ಮುಖ ನೋಡಿದರು.

“ಚೀಟಿ ಸರಿ ಉಂಟು. ಆದರೆ ಇದು ಜಟ್ಟೆಪ್ಪ ಅಲ್ಲ ಮಾರ್ರೆ. ಪಾಸಿನಲ್ಲಿ ಮೀಸೆ ಉಂಟು.”

ಅಪ್ಪ ತುಟಿಯ ಮೇಲೆ ಬೆರಳಾಡಿಸಿಕೊಂಡ. ನನ್ನ ತಲೆಗೆ ರಕ್ತ ಏರಿತು. “ಏನ್ರೀ ರಾಯರ, ಮೂವತ್ತು ದಿನ ಆ ಮನುಷ್ಯಾ...”

“ನಿಮ್ಮ ಮಗನಾ? ಬಿಸಿ ಉಂಟು,” ಎಂದು ರಾಯರು ಅಪ್ಪನಿಗೆ ಹೇಳಿದರು. ನಗು ಕನ್ನಡಕದ ಹಿಂದೆ ಮಾತ್ರ ಇತ್ತು. “ಫೋಟೋ ನಾನು ನಂಬುವುದಿಲ್ಲ. ಬಾದಶಹಾನನ್ನು ಕೇಳುವ. ಕ್ರೇನ್ ಹತ್ತಿ.”

ಹೊರಗೆ ಬರುವಾಗ ಅವರು ನನ್ನ ಪಕ್ಕ ನಡೆದು ದನಿ ತಗ್ಗಿಸಿದರು. “ಆ ಮಾಸ್ಕು ಮೂಗಿನ ಮೇಲೆ ನೋವು ಆಗ್ತದಾ?”

“ಬಿಗಿದ್ರ ಆಗ್ತದ.”

“ಸುಮ್ಮನೆ ಕೇಳಿದ್ದು. ನಮ್ಮ ಮನೆಯವಳು, ವಾರಿಜಾ, ಎರಡು ವರ್ಷದಿಂದ ಹಾಲ್‌ನಲ್ಲಿ ಮಲಗುವುದು. ಸೆಕೆಗೆ ಅಂತ ಹೇಳ್ತಾಳೆ.”

ಸಂಜನಾಳ ನಂಬರು ಕೊಟ್ಟೆ. ಅವರು ಅದನ್ನು ಬೇರೆ ಯಾರದೋ ಹೆಸರಿನಲ್ಲಿ ಸೇವ್ ಮಾಡಿಕೊಂಡರು.

ಮಯೂರ್ ಆಗಷ್ಟೇ ಒಂದು ಕಟ್ಟು ಇಳಿಸಿ ಕ್ರೇನಿನಿಂದ ಕೆಳಗೆ ಬಂದಿದ್ದ, ಬಾದಶಹಾ ಗೇಟಿನಲ್ಲಿತ್ತು. ಅಪ್ಪ ಸೀಟಿಯನ್ನು ನನ್ನ ಕೈಯಲ್ಲಿಟ್ಟು ಕ್ಯಾಬಿನ್ ಹತ್ತಿದ. ಬಾದಶಹಾ ತಲೆ ಎತ್ತಿ ಗಾಳಿ ಮೂಸಿ, ಯೋಚಿಸಿ, ವಾಪಸು ಬಂದು ತನ್ನ ನೆರಳಿನಲ್ಲಿ ಸುರುಳಿ ಸುತ್ತಿ ಬಿತ್ತು. ಹಮಾಲರು ಮಾತ್ರ ಗೋಡೆಯ ತನಕ ಸರಿದು ನಿಂತರು. ಅವರನ್ನು ಬೈಯುವ ಹಾಗಿರಲಿಲ್ಲ.

ಸರಳಿನ ಕಟ್ಟು ನೆಲ ಬಿಟ್ಟಿತು. ಒಮ್ಮೆ ವಾಲಿತು, ಅಪ್ಪ ಸ್ವಲ್ಪ ಎತ್ತಿ, ಬಿಟ್ಟ, ಅದು ಬೆಲ್ಟಿನಲ್ಲಿ ತನ್ನ ಜಾಗ ಹುಡುಕಿಕೊಂಡಿತು. ತಿರುಗಿತು, ಬಂತು, ದಿಮ್ಮಿಗಳ ಮೇಲೆ ಒಂದು ಗೇಣು ಎತ್ತರದಲ್ಲಿ ನಿಂತಿತು. ಎಷ್ಟು ಹೊತ್ತು ನಿಂತಿತೆಂದರೆ ನನ್ನ ಬಾಯಿಗೆ ಸೀಟಿ ತಾನಾಗಿ ಬಂದಿತ್ತು. ಆಮೇಲೆ ಇಳಿಯಿತು. ರಾಯರು ಕಬ್ಬಿಣವನ್ನು ನೋಡುತ್ತಿರಲಿಲ್ಲ, ನಾಯಿಯನ್ನು ನೋಡುತ್ತಿದ್ದರು.

ಬಾದಶಹಾ ಒಂದು ಕಿವಿ ಕೊಡವಿ ಮಗ್ಗುಲು ಬದಲಿಸಿತು.

ಅಪ್ಪ ಕ್ಯಾಬಿನ್ನಿನಿಂದ ತಲೆ ಹೊರಗೆ ಹಾಕಿದ. ತುಟಿಯ ಮೇಲೆ ಒಂದು ತಿಂಗಳ ಮೀಸೆ, ರಾತ್ರಿ ಮಾಸ್ಕಿಗಾಗಿ ಅಂಚು ಕತ್ತರಿಸಿ ಕತ್ತರಿಸಿ ಇಷ್ಟೇ ಇಷ್ಟು ಉಳಿದದ್ದು.

“ಯಾಕ್ರೋ, ಎಲ್ಲಾರೂ ಅಷ್ಟು ದೂರ ನಿಂತೀರಿ?”

ಹಮಾಲರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಬೆಲ್ಟ್ ಬಿಚ್ಚಲು ಹತ್ತಿರ ಬಂದರು.